ಮನೆಯ ಈಜುಕೊಳ ಮತ್ತು ಹಾಟ್ ಟಬ್‌ನಲ್ಲಿ ನೀರಿನ ಮಟ್ಟದ ನಿರ್ವಹಣೆ: ಪದೇ ಪದೇ ಕೇಳುವ ಪ್ರಶ್ನೆಗಳು

ನೀರು ಇಳಿದರೆ ಪೈಪ್ ಬಿಟ್ಟು ತುಂಬಿಸುವುದು, ಹೆಚ್ಚಾದರೆ ಹೊರಗೆ ಬಿಡುವುದು, ಮಟ್ಟದ ವಿಷಯದಲ್ಲಿ ಇದಕ್ಕಿಂತ ಹೆಚ್ಚಿನ ಕೆಲಸವಿಲ್ಲ ಎಂದು ಈಜುಕೊಳ ಇರುವ ಮನೆಗಳಲ್ಲಿ ಸಾಮಾನ್ಯವಾಗಿ ಭಾವಿಸುತ್ತಾರೆ. ಆದರೆ ನೀರು ಎಷ್ಟು ಇಳಿಯಿತು, ಎಷ್ಟು ದಿನಗಳಲ್ಲಿ ಇಳಿಯಿತು, ಇಳಿದು ಎಲ್ಲಿಗೆ ಬಂದು ನಿಂತಿತು ಎಂಬುದನ್ನು ಗಮನಿಸುವವರಿಗೆ ಪಂಪ್, ಪೈಪ್, ಫಿಲ್ಟರ್ ಮತ್ತು ಗೋಡೆಗಳ ಸ್ಥಿತಿ ಬಹುಮಟ್ಟಿಗೆ ಅದರಿಂದಲೇ ತಿಳಿದುಬರುತ್ತದೆ. ಕಾರಣ ತಿಳಿಯದೆ ತುಂಬಿಸುತ್ತ ಹೋದರೆ ನೀರೂ ಪೋಲಾಗುತ್ತದೆ, ದೋಷವೂ ಒಳಗೊಳಗೇ ಬೆಳೆಯುತ್ತದೆ. ಮುಂದಿನ ಉತ್ತರಗಳಲ್ಲಿ ಲೆಕ್ಕ ಬಂದಲ್ಲೆಲ್ಲ 8 ಮೀಟರ್ ಉದ್ದ, 4 ಮೀಟರ್ ಅಗಲ, ಸರಾಸರಿ 1.4 ಮೀಟರ್ ಆಳದ, ಅಂದರೆ ಸುಮಾರು 45,000 ಲೀಟರ್ ಹಿಡಿಯುವ ಒಂದು ಕೊಳವನ್ನು ಉದಾಹರಣೆಯಾಗಿ ಇಟ್ಟುಕೊಳ್ಳಲಾಗಿದೆ. ಅಂಥ ಕೊಳದಲ್ಲಿ ಮಟ್ಟ 1 ಮಿಲಿಮೀಟರ್ ಇಳಿದರೆ 32 ಲೀಟರ್ ಹೋಯಿತೆಂದು ಅರ್ಥ.

ಕೊಳದಲ್ಲಿ ನೀರು ಎಲ್ಲಿಯವರೆಗೆ ಇರಬೇಕು?

ಸ್ಕಿಮ್ಮರ್, ಅಂದರೆ ಮೇಲ್ಮೈಯ ಕಸ ಎಳೆದುಕೊಳ್ಳುವ ಗೋಡೆಯ ಗೂಡು, ಇರುವ ಕೊಳದಲ್ಲಿ ಅದರ ಬಾಯಿಯ ಅರ್ಧದಷ್ಟು ಎತ್ತರಕ್ಕೆ ನೀರು ನಿಂತಿರಬೇಕು. ಮೂರನೇ ಒಂದು ಭಾಗದಿಂದ ಮೂರನೇ ಎರಡು ಭಾಗದವರೆಗೆ ಹೆಚ್ಚುಕಡಿಮೆಯಾದರೆ ತೊಂದರೆಯಿಲ್ಲ. ಸ್ಕಿಮ್ಮರ್‌ನ ಬಾಯಲ್ಲಿ ಒಂದು ಪುಟ್ಟ ತೂಗುಬಾಗಿಲು ಇರುತ್ತದೆ. ಪಂಪ್ ನೀರನ್ನು ಎಳೆಯುವಾಗ ಈ ಬಾಗಿಲು ಒಳಕ್ಕೆ ವಾಲಿ, ಮೇಲ್ಮೈಯ ತೆಳುವಾದ ಪದರವನ್ನು ಮಾತ್ರ ಒಳಗೆ ಬಿಡುತ್ತದೆ. ಎಲೆ, ಹುಳು, ಧೂಳು, ಮೈಗೆ ಹಚ್ಚಿದ ಎಣ್ಣೆ ಎಲ್ಲವೂ ಮೊದಲು ತೇಲುವುದು ಆ ಪದರದಲ್ಲೇ. ನೀರು ತೂಗುಬಾಗಿಲಿನ ಅಂಚಿಗಿಂತ ಬಹಳ ಮೇಲಿದ್ದರೆ ಬಾಗಿಲು ಮುಳುಗಿ ಕೆಲಸ ಮಾಡುವುದಿಲ್ಲ. ಪಂಪ್ ದಿನವಿಡೀ ಓಡಿದರೂ ಕಸ ಮಾತ್ರ ತೇಲುತ್ತಲೇ ಇರುತ್ತದೆ. ಕೆಳಗಿದ್ದರೆ ನೀರಿನ ಜೊತೆ ಗಾಳಿಯೂ ಒಳಗೆ ಹೋಗುತ್ತದೆ.

ಅಂಚಿನಿಂದ ಉಕ್ಕಿ ಹರಿಯುವಂತೆ ಕಟ್ಟಿದ ಕೊಳಗಳ ಲೆಕ್ಕ ಬೇರೆ. ಅಲ್ಲಿ ಕೊಳದ ಮಟ್ಟ ಅಂಚಿನಲ್ಲೇ ಸ್ಥಿರವಾಗಿರುತ್ತದೆ, ಏರಿಳಿತವೆಲ್ಲ ಪಕ್ಕದ ಅಥವಾ ಕೆಳಗಿನ ಸಮತೋಲನ ತೊಟ್ಟಿಯಲ್ಲಿ ಕಾಣಿಸುತ್ತದೆ. ಪಂಪ್ ನಿಂತಾಗ ಅಂಚಿನ ಮೇಲಿದ್ದ ನೀರೆಲ್ಲ ತೊಟ್ಟಿಗೆ ಇಳಿದು ಅದು ತುಂಬಿದಂತೆ ಕಾಣುವುದರಿಂದ, ತೊಟ್ಟಿಯ ಮಟ್ಟವನ್ನು ಪಂಪ್ ಓಡುತ್ತಿರುವಾಗಲೇ ನೋಡಬೇಕು.

ನೀರು ಕಡಿಮೆಯಾದರೆ ನಿಜಕ್ಕೂ ಏನು ಹಾಳಾಗುತ್ತದೆ?

ಮೊದಲ ಪೆಟ್ಟು ಪಂಪ್‌ಗೆ. ಸ್ಕಿಮ್ಮರ್‌ನಲ್ಲಿ ಸುಳಿ ಎದ್ದು ಗಾಳಿ ಒಳನುಗ್ಗಿದಾಗ ಪಂಪ್ ನೀರಿನ ಹಿಡಿತ ಕಳೆದುಕೊಳ್ಳುತ್ತದೆ. ಒಳಗೆ ಉಳಿದ ಅಲ್ಪಸ್ವಲ್ಪ ನೀರು ತಿರುಗಿ ತಿರುಗಿ ಕಾಯುತ್ತದೆ, ಶಾಫ್ಟ್‌ನ ಸೀಲ್ ಸುಡುತ್ತದೆ, ಪಕ್ಕದ ಪಿವಿಸಿ ಪೈಪ್ ಮೆತ್ತಗಾಗಿ ಜೋಡಣೆ ಸಡಿಲವಾಗುತ್ತದೆ. ಹೀಟರ್‌ಗಳಲ್ಲಿ ನೀರಿನ ಹರಿವು ತಪ್ಪಿದರೆ ತಾನಾಗಿಯೇ ಆರಿಸುವ ಸ್ವಿಚ್ ಇರುತ್ತದಾದರೂ, ಹಳೆಯ ಉಪಕರಣಗಳಲ್ಲಿ ಅದನ್ನೊಂದನ್ನೇ ನಂಬಿ ಕೂರಬಾರದು. ಪಂಪ್‌ನ ಪಾರದರ್ಶಕ ಮುಚ್ಚಳದೊಳಗೆ ಗುಳ್ಳೆಗಳು ಕುಣಿಯುವುದು, ನೀರು ಮರಳುವ ಬಾಯಿಗಳಿಂದ ಬುಸಬುಸನೆ ಗಾಳಿ ಬರುವುದು, ಫಿಲ್ಟರ್‌ನ ಒತ್ತಡದ ಮುಳ್ಳು ಬೀಳುವುದು ಮತ್ತು ಏಳುವುದು, ಇವು ಮೊದಲ ಸೂಚನೆಗಳು. ಇವು ಕಂಡ ಕೂಡಲೇ ಪಂಪ್ ಆರಿಸಿ, ಆಮೇಲೆ ಕಾರಣ ಹುಡುಕಿ.

ಇದಕ್ಕಿಂತ ಗಂಭೀರವಾದ ಇನ್ನೊಂದು ಸಂಗತಿಯಿದೆ. ಸ್ಕಿಮ್ಮರ್ ಗಾಳಿಯನ್ನು ಎಳೆಯಲು ಶುರುಮಾಡಿದಾಗ ಕೆಲವರು ಅದರ ವಾಲ್ವ್ ಮುಚ್ಚಿ, ತಳದ ಡ್ರೈನ್‌ನಿಂದಲೇ ಪೂರ್ತಿ ನೀರು ಎಳೆಯುವಂತೆ ಮಾಡಿಬಿಡುತ್ತಾರೆ. ಆಗ ಪಂಪ್‌ನ ಸೆಳೆತವೆಲ್ಲ ಒಂದೇ ಬಾಯಿಗೆ ಸೇರುತ್ತದೆ. ಡ್ರೈನ್‌ನ ಮುಚ್ಚಳ ಸಡಿಲವಾಗಿದ್ದರೆ ಅಥವಾ ಒಡೆದಿದ್ದರೆ ಕೂದಲೋ ಕೈಕಾಲೋ ಸಿಕ್ಕಿಕೊಳ್ಳುವ ಅಪಾಯವಿರುತ್ತದೆ. 2002ರಲ್ಲಿ ಅಮೆರಿಕದಲ್ಲಿ ವರ್ಜಿನಿಯಾ ಗ್ರೇಮ್ ಬೇಕರ್ ಎಂಬ ಏಳು ವರ್ಷದ ಬಾಲಕಿ ಹಾಟ್ ಟಬ್‌ನ (ಕೂತು ಮೈ ನೆನೆಸುವ ಬಿಸಿನೀರಿನ ತೊಟ್ಟಿಯ) ಡ್ರೈನ್ ಸೆಳೆತಕ್ಕೆ ಸಿಲುಕಿ ತೀರಿಕೊಂಡಳು. ಡ್ರೈನ್ ಮುಚ್ಚಳಗಳ ಸುರಕ್ಷತೆಗಾಗಿ 2007ರಲ್ಲಿ ಅಲ್ಲಿ ಬಂದ ಕಾನೂನಿಗೆ ಅವಳ ಹೆಸರನ್ನೇ ಇಡಲಾಯಿತು. ಮಟ್ಟ ಇಳಿದಿರುವಾಗ ಯಾರನ್ನೂ ನೀರಿಗಿಳಿಯಲು ಬಿಡಬೇಡಿ. ಮುಚ್ಚಳ ಕಿತ್ತುಹೋಗಿದ್ದರಂತೂ ಅದನ್ನು ಸರಿಪಡಿಸುವವರೆಗೆ ಕೊಳದ ಬಳಕೆಯನ್ನೇ ನಿಲ್ಲಿಸಿ. ಈ ವಿಷಯದಲ್ಲಿ ರಾಜಿ ಸಲ್ಲದು.

ಮಟ್ಟ ಸರಿಯಿದ್ದರೂ ಸ್ಕಿಮ್ಮರ್ ಗಾಳಿ ಎಳೆಯುತ್ತಿದೆಯಲ್ಲ?

ತೂಗುಬಾಗಿಲು ಮೇಲ್ಮುಖವಾಗಿ ಸಿಕ್ಕಿಕೊಂಡಿರಬಹುದು, ಅಥವಾ ಬಾಯಿಗೆ ಅಡ್ಡಲಾಗಿ ಎಲೆಗಳು ಸೇರಿ ನೀರು ಒಳಗೆ ಬರದಂತೆ ತಡೆದಿರಬಹುದು. ಎರಡನ್ನೂ ಬಿಡಿಸಿ, ಬುಟ್ಟಿಯನ್ನು ಖಾಲಿ ಮಾಡಿ ನೋಡಿ. ಆಮೇಲೂ ಗುಳ್ಳೆ ಬರುತ್ತಿದ್ದರೆ ಪಂಪ್‌ನ ಮುಚ್ಚಳದ ರಬ್ಬರ್ ಉಂಗುರ ಒಣಗಿದೆಯೇ, ಬಿರುಕು ಬಿಟ್ಟಿದೆಯೇ ಎಂದು ಪರೀಕ್ಷಿಸಿ.

ದಿನಕ್ಕೆ ಎಷ್ಟು ನೀರು ಆವಿಯಾಗುವುದು ಸಹಜ?

ಮುಚ್ಚಿಗೆಯಿಲ್ಲದ ಕೊಳದಲ್ಲಿ ಒಣ ಹವೆಯ ಬೆಚ್ಚನೆಯ ದಿನಗಳಲ್ಲಿ 3ರಿಂದ 6 ಮಿಲಿಮೀಟರ್ ಇಳಿಯುವುದು ಸಾಮಾನ್ಯ. ಗಾಳಿ ಜೋರಾಗಿದ್ದರೆ ಅದಕ್ಕಿಂತಲೂ ಹೆಚ್ಚು ಇಳಿಯಬಹುದು. ಆವಿಯಾಗುವುದು ಬಿಸಿಲಿಗೆ ಮಾತ್ರ ಎಂಬ ನಂಬಿಕೆ ಸರಿಯಲ್ಲ. ನೀರು ಬೆಚ್ಚಗಿದ್ದು ಮೇಲಿನ ಗಾಳಿ ತಂಪಾಗಿಯೂ ಒಣದಾಗಿಯೂ ಇರುವ ರಾತ್ರಿಗಳಲ್ಲಿ ಹಗಲಿನಷ್ಟೇ, ಕೆಲವೊಮ್ಮೆ ಹಗಲಿಗಿಂತ ಹೆಚ್ಚು ನೀರು ಆವಿಯಾಗುತ್ತದೆ. ಹೀಟರ್ ಹಾಕಿದ ಕೊಳದವರು ಚಳಿ ಶುರುವಾದಾಗ ಮಟ್ಟ ಥಟ್ಟನೆ ಇಳಿಯುವುದನ್ನು ಕಂಡು ಸೋರಿಕೆಯೆಂದು ಗಾಬರಿಯಾಗುವುದಕ್ಕೆ ಇದೇ ಕಾರಣ. ಕಾರಂಜಿ, ಜಲಪಾತ, ನೀರು ಚಿಮ್ಮಿಸುವ ಬಾಯಿಗಳು ನೀರನ್ನು ಹನಿಹನಿಯಾಗಿ ಒಡೆದು ಗಾಳಿಗೆ ಒಡ್ಡುವುದರಿಂದ ನಷ್ಟವನ್ನು ಇನ್ನಷ್ಟು ಹೆಚ್ಚಿಸುತ್ತವೆ.

ನಮ್ಮ ಉದಾಹರಣೆಯ ಕೊಳದಲ್ಲಿ ದಿನಕ್ಕೆ 5 ಮಿಲಿಮೀಟರ್ ಎಂದರೆ 160 ಲೀಟರ್, ತಿಂಗಳಿಗೆ 4,800 ಲೀಟರ್. ಇದರ ಜೊತೆಗೆ ಶಾಖವೂ ಹೋಗುತ್ತದೆ. ಒಂದು ಲೀಟರ್ ನೀರು ಆವಿಯಾಗುವಾಗ ಉಳಿದ ನೀರಿನಿಂದ ಸುಮಾರು 0.67 ಯೂನಿಟ್ ವಿದ್ಯುತ್ತಿಗೆ ಸಮನಾದ ಶಾಖವನ್ನು ಹೊತ್ತೊಯ್ಯುತ್ತದೆ. ಹಾಗಾಗಿ ದಿನಕ್ಕೆ 160 ಲೀಟರ್ ಆವಿಯಾದರೆ 100 ಯೂನಿಟ್‌ಗೂ ಮೀರಿದ ಶಾಖ ನಷ್ಟವಾಗುತ್ತದೆ. ಬಿಸಿಲಾಗಲಿ ಹೀಟರ್ ಆಗಲಿ ಅದನ್ನು ತುಂಬಿಕೊಡದಿದ್ದರೆ, ಆ ಒಂದೇ ದಿನದಲ್ಲಿ 45,000 ಲೀಟರ್ ನೀರು ಸುಮಾರು 2 ಡಿಗ್ರಿ ಸೆಲ್ಸಿಯಸ್‌ನಷ್ಟು ತಣ್ಣಗಾಗುತ್ತದೆ. ನೀರಿನ ಮೇಲ್ಮೈಗೆ ಅಂಟಿಕೊಂಡು ಕೂರುವ ಮುಚ್ಚಿಗೆ ಹೊದಿಸಿದರೆ, ಅದು ಹೊದಿಸಿದಷ್ಟು ಹೊತ್ತು ಆವಿಯಾಗುವಿಕೆ ಬಹುತೇಕ ನಿಂತೇಹೋಗುತ್ತದೆ. ನೀರು ಮತ್ತು ಶಾಖ ಎರಡನ್ನೂ ಉಳಿಸಲು ಇಷ್ಟು ಸರಳವಾದ ಇನ್ನೊಂದು ಸಾಧನವಿಲ್ಲ. ದುಬಾರಿ ಹೀಟರ್ ಕೊಳ್ಳುವ ಮೊದಲು ಒಳ್ಳೆಯ ಮುಚ್ಚಿಗೆ ಕೊಳ್ಳಿ ಎಂಬುದೇ ಈ ಬಗ್ಗೆ ಕೊಡಬಹುದಾದ ಮೊದಲ ಸಲಹೆ.

ಆವಿಯೋ ಸೋರಿಕೆಯೋ ಎಂದು ಪತ್ತೆಮಾಡುವುದು ಹೇಗೆ?

ಕಣ್ಣಳತೆಯಲ್ಲಿ ಇದು ತಿಳಿಯುವುದಿಲ್ಲ. ಹತ್ತು ನಿಮಿಷಕ್ಕೆ ಒಂದು ಲೀಟರ್ ಜಿನುಗುವ ಸಣ್ಣ ಸೋರಿಕೆ ದಿನಕ್ಕೆ 144 ಲೀಟರ್ ನೀರನ್ನು ಒಯ್ಯುತ್ತದೆ, ಅಂದರೆ ಹೆಚ್ಚುಕಡಿಮೆ ನಾಲ್ಕೂವರೆ ಮಿಲಿಮೀಟರ್. ಇದು ಸಹಜ ಆವಿಯಾಗುವಿಕೆಯಷ್ಟೇ ಪ್ರಮಾಣ. ಎರಡನ್ನೂ ಬೇರ್ಪಡಿಸಿ ತೋರಿಸುವುದು ಬಕೆಟ್ ಪರೀಕ್ಷೆ.

ಒಂದು ಬಕೆಟ್‌ನ ತಳಕ್ಕೆ ಒಂದೆರಡು ಕಲ್ಲು ಹಾಕಿ, ಕೊಳದ ನೀರನ್ನೇ ತುಂಬಿ, ಕೊಳದ ಎರಡನೇ ಮೆಟ್ಟಿಲಿನ ಮೇಲೆ ಅದು ಬಹುಪಾಲು ಮುಳುಗಿರುವಂತೆ ಇಡಿ. ಹೀಗೆ ಇಟ್ಟರೆ ಒಳಗಿನ ನೀರೂ ಹೊರಗಿನ ನೀರೂ ಒಂದೇ ಬಿಸಿಯಲ್ಲಿರುತ್ತವೆ. ಬಕೆಟ್ ಅನ್ನು ದಡದ ಮೇಲೆ ಇಟ್ಟರೆ ಅದು ಬೇಗ ಕಾದು ಲೆಕ್ಕ ತಪ್ಪುತ್ತದೆ. ಬಕೆಟ್‌ನ ಒಳಗಿನ ಮಟ್ಟವನ್ನು ಒಳಗೋಡೆಯ ಮೇಲೂ, ಕೊಳದ ಮಟ್ಟವನ್ನು ಬಕೆಟ್‌ನ ಹೊರಗೋಡೆಯ ಮೇಲೂ ಗುರುತು ಮಾಡಿ. ನೀರು ತಾನಾಗಿ ತುಂಬುವ ವ್ಯವಸ್ಥೆ ಇದ್ದರೆ ಅದನ್ನು ಮುಚ್ಚಿ. ಆ 24 ಗಂಟೆ ಯಾರೂ ಈಜಬಾರದು, ಬ್ಯಾಕ್‌ವಾಶ್ (ನೀರನ್ನು ಹಿಮ್ಮುಖವಾಗಿ ಹರಿಸಿ ಫಿಲ್ಟರ್ ತೊಳೆಯುವುದು) ಮಾಡಬಾರದು. ಮಳೆ ಬಂದರೆ ಪರೀಕ್ಷೆಯನ್ನು ಮತ್ತೆ ಮೊದಲಿನಿಂದ ಮಾಡಬೇಕು. ಮರುದಿನ ಅದೇ ಹೊತ್ತಿಗೆ ಎರಡನ್ನೂ ಅಳೆಯಿರಿ. ಬಕೆಟ್‌ನಲ್ಲಿ 5 ಮಿಲಿಮೀಟರ್, ಕೊಳದಲ್ಲಿ 9 ಮಿಲಿಮೀಟರ್ ಇಳಿದಿದ್ದರೆ ಐದು ಆವಿಯ ಪಾಲು, ನಾಲ್ಕು ಸೋರಿಕೆಯ ಪಾಲು. ಅಂದರೆ ದಿನಕ್ಕೆ 128 ಲೀಟರ್ ಎಲ್ಲೋ ಮಣ್ಣಿಗೆ ಹೋಗುತ್ತಿದೆ. ಒಂದು ಮಿಲಿಮೀಟರ್‌ನಷ್ಟು ವ್ಯತ್ಯಾಸ ಬಂದರೆ ಅದು ಅಳತೆಯ ದೋಷವೂ ಆಗಿರಬಹುದಾದ್ದರಿಂದ ಇನ್ನೊಮ್ಮೆ ಮಾಡಿ ನೋಡಿ.

ಈ ಪರೀಕ್ಷೆಯನ್ನು ಪಂಪ್ ಓಡಿಸುತ್ತ ಒಂದು ದಿನ, ಪಂಪ್ ನಿಲ್ಲಿಸಿ ಇನ್ನೊಂದು ದಿನ ಮಾಡಿದರೆ ಸೋರಿಕೆ ಇರುವ ಜಾಗವೂ ಅರ್ಧ ಗೊತ್ತಾದಂತೆ. ಪಂಪ್ ಓಡುವಾಗ ಹೆಚ್ಚು ಇಳಿದರೆ ಪಂಪ್‌ನಿಂದ ಮುಂದಿನ, ಒತ್ತಡದಲ್ಲಿರುವ ಪೈಪ್‌ಗಳ ಮೇಲೆ ಅನುಮಾನ. ಪಂಪ್ ನಿಂತಾಗ ಹೆಚ್ಚು ಇಳಿದರೆ ಕೊಳದಿಂದ ಪಂಪ್‌ವರೆಗಿನ ಪೈಪ್‌ನಲ್ಲಿ ಬಿರುಕು ಇರಬಹುದು. ಓಡುವಾಗ ಅದೇ ಬಿರುಕು ನೀರನ್ನು ಹೊರಬಿಡುವ ಬದಲು ಗಾಳಿಯನ್ನು ಒಳಗೆಳೆಯುತ್ತದೆ, ಹಾಗಾಗಿ ಮರಳುವ ಬಾಯಿಗಳಲ್ಲಿ ಗುಳ್ಳೆ ಕಾಣುತ್ತದೆ. ಎರಡೂ ದಿನ ಸಮನಾಗಿ ಇಳಿದರೆ ಗೋಡೆ, ತಳ, ದೀಪದ ಗೂಡು ಅಥವಾ ಸ್ಕಿಮ್ಮರ್‌ನ ಸಂದುಗಳನ್ನು ನೋಡಬೇಕು.

ಸೋರಿಕೆ ಇದೆಯೆಂದು ಖಚಿತವಾಯಿತು. ಜಾಗವನ್ನು ನಾನೇ ಹುಡುಕಬಹುದೇ?

ಬಹಳಷ್ಟು ಸಲ ಹುಡುಕಬಹುದು. ನೀರನ್ನು ಅದರ ಪಾಡಿಗೆ ಇಳಿಯಲು ಬಿಟ್ಟು, ಎಲ್ಲಿ ನಿಲ್ಲುತ್ತದೆ ಎಂದು ನೋಡುವುದು ಒಂದು ಹಳೆಯ ಉಪಾಯ. ಸ್ಕಿಮ್ಮರ್‌ನ ತಳಕ್ಕೆ ಬಂದು ನಿಂತರೆ ಸ್ಕಿಮ್ಮರ್ ಅಥವಾ ಅದರ ಪೈಪ್, ದೀಪದ ಎತ್ತರಕ್ಕೆ ನಿಂತರೆ ದೀಪದ ಗೂಡಿನಿಂದ ತಂತಿ ಹೊರಹೋಗುವ ಕೊಳವೆ, ಮರಳುವ ಬಾಯಿಯ ಮಟ್ಟಕ್ಕೆ ನಿಂತರೆ ಅದರ ಸುತ್ತಲಿನ ಜೋಡಣೆ. ಪಂಪ್ ನಿಲ್ಲಿಸಿಯೇ ಇದನ್ನು ಮಾಡಬೇಕು. ಲೈನರ್ (ಪ್ಲಾಸ್ಟಿಕ್ ಹಾಳೆಯ ಒಳಪದರ) ಹಾಕಿದ ಕೊಳದಲ್ಲೂ ಫೈಬರ್‌ಗ್ಲಾಸ್ ಕೊಳದಲ್ಲೂ ನೀರು ತೀರಾ ಕೆಳಗಿಳಿಯಲು ಬಿಡಬಾರದು.

ಜಾಗದ ಸುಳಿವು ಸಿಕ್ಕಮೇಲೆ ಬಣ್ಣದ ಪರೀಕ್ಷೆ. ನೀರು ಅಲುಗಾಡದೆ ನಿಂತಿರುವಾಗ, ಅನುಮಾನವಿರುವ ಸಂದಿನ ಹತ್ತಿರ ಸೂಜಿಯಿಲ್ಲದ ಸಿರಿಂಜ್‌ನಿಂದ ಗಾಢ ಬಣ್ಣದ ದ್ರವದ ಒಂದೆರಡು ಹನಿ ಮೆಲ್ಲಗೆ ಬಿಡಿ. ಸೋರಿಕೆಯಿದ್ದರೆ ಬಣ್ಣದ ಎಳೆ ನೇರವಾಗಿ ಆ ಸಂದಿನೊಳಕ್ಕೆ ಎಳೆದುಕೊಂಡು ಹೋಗುತ್ತದೆ. ಇಲ್ಲದಿದ್ದರೆ ಹೊಗೆಯಂತೆ ಹರಡಿ ಕರಗುತ್ತದೆ. ಕಾಂಕ್ರೀಟ್ ಕೊಳಗಳಲ್ಲಿ ಮೊದಲು ನೋಡಬೇಕಾದದ್ದು ಸ್ಕಿಮ್ಮರ್‌ನ ಪ್ಲಾಸ್ಟಿಕ್ ಬಾಯಿ ಗೋಡೆಗೆ ಕೂಡುವ ಸಂದು. ಎರಡೂ ಬೇರೆ ಬೇರೆ ವಸ್ತುಗಳಾದ್ದರಿಂದ ಬಿಸಿಲು, ಚಳಿಗೆ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗಿ ಕುಗ್ಗಿ ಅಲ್ಲಿ ಕೂದಲೆಳೆಯಷ್ಟು ಬಿರುಕು ಬಿಡುವುದು ತೀರಾ ಸಾಮಾನ್ಯ. ನೀರಿನಡಿ ಗಟ್ಟಿಯಾಗುವ ಎಪಾಕ್ಸಿ ಪುಟ್ಟಿಯಿಂದ ಅದನ್ನು ಮನೆಯಲ್ಲೇ ಮುಚ್ಚಬಹುದು.

ನೆಲ ಅಗೆಸುವ ಮೊದಲು ಫಿಲ್ಟರ್‌ನಿಂದ ಹೊರಹೋಗುವ ಕೊಳಕು ನೀರಿನ ಪೈಪ್‌ನ ತುದಿಯನ್ನೂ ಒಮ್ಮೆ ನೋಡಿ. ಫಿಲ್ಟರ್, ಬ್ಯಾಕ್‌ವಾಶ್ ಹೀಗೆ ನೀರಿನ ದಾರಿ ಬದಲಿಸುವ ಹಲವು ಸ್ಥಾನಗಳ ವಾಲ್ವ್‌ನ ಒಳಗಿನ ರಬ್ಬರ್ ಸವೆದಿದ್ದರೆ ಫಿಲ್ಟರ್ ಮಾಡುವ ಸ್ಥಾನದಲ್ಲಿದ್ದಾಗಲೂ ನೀರು ಸದ್ದಿಲ್ಲದೆ ಆ ದಾರಿಯಲ್ಲಿ ಹರಿದುಹೋಗುತ್ತಿರುತ್ತದೆ. ಮಣ್ಣಿನಡಿಯ ಪೈಪ್‌ನಲ್ಲಿ ದೋಷವಿದ್ದರೆ ಒತ್ತಡ ಹಾಕಿ ಪರೀಕ್ಷಿಸುವ ಉಪಕರಣ ಬೇಕಾಗುತ್ತದೆ, ಅದು ತಂತ್ರಜ್ಞರ ಕೆಲಸ.

ಬ್ಯಾಕ್‌ವಾಶ್ ಮಾಡಿದಾಗ ಎಷ್ಟು ನೀರು ಹೋಗುತ್ತದೆ?

ಮನೆಯ ಮರಳಿನ ಫಿಲ್ಟರ್‌ಗಳಲ್ಲಿ ನಿಮಿಷಕ್ಕೆ 200ರಿಂದ 300 ಲೀಟರ್ ಹರಿದರೆ, ಮೂರು ನಿಮಿಷದ ಬ್ಯಾಕ್‌ವಾಶ್‌ಗೆ 600ರಿಂದ 900 ಲೀಟರ್ ಹೋಗುತ್ತದೆ. ನಮ್ಮ ಉದಾಹರಣೆಯ ಕೊಳದಲ್ಲಿ ಇದು ಎರಡು-ಮೂರು ಸೆಂಟಿಮೀಟರ್. ವಾರಕ್ಕೊಮ್ಮೆ ಎಂದು ಪಂಚಾಂಗ ನೋಡಿ ಮಾಡುವ ಬದಲು, ಫಿಲ್ಟರ್‌ನ ಒತ್ತಡ ಸ್ವಚ್ಛವಾಗಿದ್ದಾಗಿನದಕ್ಕಿಂತ ಶೇ. 25ರಷ್ಟು ಏರಿದಾಗ ಮಾಡಿ. ಗಾಜಿನ ಕಿಂಡಿಯಲ್ಲಿ ನೀರು ತಿಳಿಯಾದ ಕೂಡಲೇ ನಿಲ್ಲಿಸಿ. ಮಳೆಯಿಂದ ಕೊಳ ತುಂಬಿರುವಾಗ ಬ್ಯಾಕ್‌ವಾಶ್ ಮಾಡಿದರೆ ಎರಡು ಕೆಲಸ ಒಟ್ಟಿಗೇ ಆಗುತ್ತವೆ.

ಪೈಪ್‌ನಿಂದ ತುಂಬಿಸುವಾಗ ಮರೆತುಹೋಗಿ ಉಕ್ಕುತ್ತದೆ. ಎಷ್ಟು ಹೊತ್ತು ಬೇಕೆಂದು ಲೆಕ್ಕ ಹಾಕಬಹುದೇ?

ಸುಲಭವಾಗಿ ಹಾಕಬಹುದು. ಹತ್ತು ಲೀಟರ್‌ನ ಬಕೆಟ್ ತುಂಬಲು ನಿಮ್ಮ ಪೈಪ್‌ಗೆ ಎಷ್ಟು ಸೆಕೆಂಡ್ ಬೇಕೆಂದು ಒಮ್ಮೆ ನೋಡಿಟ್ಟುಕೊಳ್ಳಿ. 30 ಸೆಕೆಂಡ್ ಆದರೆ ನಿಮಿಷಕ್ಕೆ 20 ಲೀಟರ್. ಉದಾಹರಣೆಯ ಕೊಳ ಒಂದು ಸೆಂಟಿಮೀಟರ್ ಏರಲು 320 ಲೀಟರ್ ಬೇಕು, ಅಂದರೆ 16 ನಿಮಿಷ. ಐದು ಸೆಂಟಿಮೀಟರ್‌ಗೆ ಒಂದು ಗಂಟೆ 20 ನಿಮಿಷ. ಅಷ್ಟು ಹೊತ್ತಿಗೆ ಫೋನ್‌ನಲ್ಲಿ ಅಲಾರಂ ಇಡಿ. ಪೈಪ್‌ನ ತುದಿಯನ್ನು ನೀರಿನಲ್ಲಿ ಮುಳುಗಿಸಿಡಬೇಡಿ. ಸರಬರಾಜಿನ ಒತ್ತಡ ಹಠಾತ್ತನೆ ಬಿದ್ದರೆ ಕೊಳದ ನೀರು ಹಿಮ್ಮುಖವಾಗಿ ಕುಡಿಯುವ ನೀರಿನ ಕೊಳವೆಗೆ ಸೇರುತ್ತದೆ. ನೀರಿನ ಮಟ್ಟಕ್ಕೂ ಪೈಪ್‌ನ ತುದಿಗೂ ನಡುವೆ ಕೆಲವು ಸೆಂಟಿಮೀಟರ್ ಗಾಳಿಯ ಅಂತರ ಇರಲೇಬೇಕು.

ತಾನಾಗಿ ತುಂಬುವ ವ್ಯವಸ್ಥೆ ಹಾಕಿಸುವುದು ಒಳ್ಳೆಯದೇ?

ತೇಲುವ ಗುಂಡಿನ ವಾಲ್ವ್‌ನಿಂದಲೋ ಸಂವೇದಕದಿಂದಲೋ ನಡೆಯುವ ಈ ವ್ಯವಸ್ಥೆ ಪಂಪ್‌ ಒಣಗದಂತೆ ಕಾಯುತ್ತದೆ, ಅದರಲ್ಲಿ ಸಂದೇಹವಿಲ್ಲ. ಆದರೆ ಅದು ಸೋರಿಕೆಯನ್ನು ಸಂಪೂರ್ಣವಾಗಿ ಮರೆಮಾಚುತ್ತದೆ. ಮಟ್ಟ ಸದಾ ಸರಿಯಾಗಿ ಕಾಣುತ್ತಿರುವಾಗ ತಿಂಗಳುಗಟ್ಟಲೆ ನೀರು ಮಣ್ಣು ಸೇರಿ, ಕೊಳದ ಅಡಿಯ ನೆಲ ಕೊರೆದು, ಸುತ್ತಲಿನ ಕಲ್ಲುಹಾಸು ಕುಸಿದಮೇಲೆ ವಿಷಯ ಬಯಲಾದ ಸಂದರ್ಭಗಳಿವೆ. ಹಾಕಿಸುವುದಾದರೆ ಆ ಪೈಪ್‌ಗೆ ಪ್ರತ್ಯೇಕ ನೀರಿನ ಮೀಟರ್ ಕೂರಿಸಿ, ವಾರಕ್ಕೊಮ್ಮೆ ಅಂಕಿ ಬರೆದಿಡಿ. ಹವೆ ಬದಲಾಗದಿದ್ದರೂ ಅಂಕಿ ಏರುತ್ತಿದ್ದರೆ ವಾಲ್ವ್ ಮುಚ್ಚಿ ಬಕೆಟ್ ಪರೀಕ್ಷೆ ಮಾಡಿ. ಮೀಟರ್ ಇಲ್ಲದೆ ಹಾಕಿಸುವುದಕ್ಕಿಂತ ಕೈಯಿಂದ ತುಂಬಿಸುವುದೇ ಮೇಲು.

ಜೋರು ಮಳೆ ಬಂದು ಕೊಳ ತುಂಬಿಹೋಗಿದೆ. ಎಷ್ಟು ತೆಗೆಯಬೇಕು, ಹೇಗೆ?

ಸ್ಕಿಮ್ಮರ್‌ನ ನಡುಮಟ್ಟಕ್ಕೆ ಬರುವಷ್ಟು ಮಾತ್ರ ತೆಗೆಯಿರಿ. ವಾಲ್ವ್‌ನಲ್ಲಿ ನೀರನ್ನು ನೇರವಾಗಿ ಹೊರಗೆ ಕಳಿಸುವ ಸ್ಥಾನವಿದ್ದರೆ ಅದೇ ಸುಲಭ, ಆದರೆ ಅದನ್ನು ಬಿಟ್ಟು ಬೇರೆ ಕೆಲಸಕ್ಕೆ ಹೋಗಬೇಡಿ. ಸಬ್‌ಮರ್ಸಿಬಲ್ ಪಂಪ್ ಬಳಸುವುದಾದರೆ 30 ಮಿಲಿಆಂಪಿಯರ್‌ನ ವಿದ್ಯುತ್ ಸೋರಿಕೆ ರಕ್ಷಣಾ ಸ್ವಿಚ್ ಇರುವ ಪ್ಲಗ್ಗಿಗೇ ಜೋಡಿಸಿ, ಅದು ಓಡುವಾಗ ಯಾರೂ ನೀರಿನಲ್ಲಿ ಇರಬಾರದು. ವಿದ್ಯುತ್ ಬೇಡವೆಂದರೆ, ಕೊಳಕ್ಕಿಂತ ತಗ್ಗಿನ ಜಾಗವಿದ್ದಲ್ಲಿ ನೀರು ತುಂಬಿದ ಪೈಪ್‌ನ ಒಂದು ತುದಿಯನ್ನು ಕೊಳದಲ್ಲಿ ಮುಳುಗಿಸಿ ಇನ್ನೊಂದನ್ನು ತಗ್ಗಿಗೆ ಬಿಟ್ಟರೆ ಸೈಫನ್ ತಾನಾಗಿ ಹರಿಯುತ್ತದೆ. ಹೊರಬಿಡುವ ನೀರು ನೆರೆಯವರ ಗೋಡೆಬುಡಕ್ಕಾಗಲಿ, ಕೆರೆ ತೊರೆಗಳಿಗಾಗಲಿ ಹೋಗದಂತೆ ನೋಡಿಕೊಳ್ಳಿ. ಕ್ಲೋರಿನ್ ಮೀನುಗಳಿಗೆ ಮಾರಕ, ಉಪ್ಪುನೀರಿನ ಕೊಳದ ನೀರು ಗಿಡಗಳಿಗೂ ಮಣ್ಣಿಗೂ ಹಾನಿಕರ. ಎಲ್ಲಿ ಬಿಡಬಹುದು ಎಂಬುದಕ್ಕೆ ಸ್ಥಳೀಯ ನಿಯಮಗಳಿದ್ದರೆ ಅವನ್ನು ಪಾಲಿಸಿ.

10 ಸೆಂಟಿಮೀಟರ್ ಮಳೆನೀರು ಸೇರಿ ಅಷ್ಟೇ ನೀರನ್ನು ಹೊರಹಾಕಿದರೆ ಕೊಳದ ರಾಸಾಯನಿಕಗಳು ಸುಮಾರು ಶೇ. 7ರಷ್ಟು ತೆಳುವಾಗುತ್ತವೆ. ಇದು ಗಾಬರಿಪಡುವಷ್ಟಲ್ಲ. ಮಳೆಯ ಜೊತೆ ಹರಿದುಬಂದ ಮಣ್ಣು ಮತ್ತು ಎಲೆ ಕ್ಲೋರಿನ್ನನ್ನು ಬೇಗ ಮುಗಿಸುತ್ತವೆ, ಆದ್ದರಿಂದ ಮೊದಲು ಅಳೆಯಬೇಕಾದದ್ದು ಕ್ಲೋರಿನ್, ಆಮೇಲೆ ಪಿಎಚ್. ಪಿಎಚ್ 7.2ರಿಂದ 7.8ರ ನಡುವೆ ಇರಬೇಕು.

ಸ್ವಚ್ಛ ಮಾಡಲೆಂದು ಕೊಳವನ್ನು ಪೂರ್ತಿ ಖಾಲಿ ಮಾಡಬಹುದೇ?

ನೆಲದೊಳಗೆ ಕಟ್ಟಿದ ಕೊಳವನ್ನು ತಿಳಿದವರ ಸಲಹೆಯಿಲ್ಲದೆ ಖಾಲಿ ಮಾಡಲೇಬಾರದು. ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. ಸುತ್ತಲಿನ ಮಣ್ಣಿನಲ್ಲಿ ಅಂತರ್ಜಲ ಕೊಳದ ತಳಕ್ಕಿಂತ ಒಂದು ಮೀಟರ್ ಮೇಲಿದ್ದರೆ, ತಳದ ಪ್ರತಿ ಚದರ ಮೀಟರ್ ಮೇಲೆ ಸುಮಾರು 1,000 ಕಿಲೋಗ್ರಾಂ ಭಾರದಷ್ಟು ಒತ್ತಡ ಕೆಳಗಿನಿಂದ ಬೀಳುತ್ತದೆ. 20 ಸೆಂಟಿಮೀಟರ್ ದಪ್ಪದ ಕಾಂಕ್ರೀಟ್ ತಳದ ತೂಕ ಚದರ ಮೀಟರಿಗೆ 500 ಕಿಲೋಗ್ರಾಂ ಕೂಡ ಆಗುವುದಿಲ್ಲ. ಇಷ್ಟು ದಿನ ಆ ಒತ್ತಡವನ್ನು ಅದುಮಿಟ್ಟಿದ್ದದ್ದು ಒಳಗಿನ ನೀರಿನ ಭಾರ. ಅದನ್ನು ತೆಗೆದರೆ ಕೊಳ ದೋಣಿಯಂತೆ ನೆಲದಿಂದ ಮೇಲೇಳುತ್ತದೆ, ಅಥವಾ ತಳ ಸೀಳುತ್ತದೆ. ಹಗುರವಾದ ಫೈಬರ್‌ಗ್ಲಾಸ್ ಕೊಳಗಳಿಗೆ ಈ ಅಪಾಯ ಇನ್ನೂ ಹೆಚ್ಚು, ಅವುಗಳ ಗೋಡೆ ಒಳಕ್ಕೆ ಉಬ್ಬುವುದೂ ಉಂಟು. ಮಳೆ ನಿಂತ ಮೇಲಿನ ದಿನಗಳಲ್ಲಿ ಮೇಲ್ಮೈ ಒಣಗಿದ್ದರೂ ಅಡಿಯಲ್ಲಿ ನೀರು ತುಂಬಿಯೇ ಇರುತ್ತದೆ.

ಕೆಲವು ಕೊಳಗಳ ತಳದಲ್ಲಿ ಅಂತರ್ಜಲದ ಒತ್ತಡ ಏರಿದಾಗ ತೆರೆದುಕೊಂಡು ನೀರನ್ನು ಒಳಗೆ ಬಿಡುವ ಒತ್ತಡ ನಿವಾರಕ ವಾಲ್ವ್ ಇರುತ್ತದೆ. ಅದು ವರ್ಷಗಟ್ಟಲೆ ಅಲುಗಾಡದೆ ಕಟ್ಟಿಕೊಂಡಿರುವ ಸಾಧ್ಯತೆ ಇರುವುದರಿಂದ ಅದನ್ನು ನಂಬಿ ಖಾಲಿ ಮಾಡುವುದು ಸರಿಯಲ್ಲ. ಲೈನರ್ ಕೊಳಗಳಲ್ಲಿ ನೀರಿನ ಭಾರ ಹೋದಾಗ ಲೈನರ್ ಕುಗ್ಗುತ್ತದೆ. ಹಳೆಯದಾದರೆ ಮತ್ತೆ ತುಂಬಿಸುವಾಗ ಮೂಲೆಗಳಲ್ಲಿ ಹರಿಯುತ್ತದೆ. ಅದಕ್ಕೇ ಆಳವಿಲ್ಲದ ಕಡೆಯಲ್ಲೂ ಕನಿಷ್ಠ 30 ಸೆಂಟಿಮೀಟರ್ ನೀರು ಉಳಿಸಬೇಕು. ನೀರು ಬದಲಿಸುವುದೇ ಉದ್ದೇಶವಾದರೆ ಕಾಲುಭಾಗ ತೆಗೆದು ಕಾಲುಭಾಗ ತುಂಬುವುದನ್ನು ಒಂದೆರಡು ಸಲ ಮಾಡಿದರೆ ಸಾಕು.

ಅರ್ಧ ಖಾಲಿಯಾದ ಕೊಳದ ಬಗ್ಗೆ ಇನ್ನೊಂದು ಮಾತು. ನೀರು ಇಳಿದಾಗ ದಡ ಕೈಗೆಟುಕುವುದಿಲ್ಲ, ಏಣಿ ನೀರಿನಿಂದ ಮೇಲಕ್ಕೆ ಉಳಿಯುತ್ತದೆ. ಜಾರಿ ಬಿದ್ದ ಮಗು ಹತ್ತಿ ಬರಲಾರದು. ಪುಟ್ಟ ಮಕ್ಕಳು ಮುಳುಗಲು ಕೆಲವೇ ಸೆಂಟಿಮೀಟರ್ ನೀರು ಸಾಕು. ನೀರು ಕಡಿಮೆಯಿದೆಯೆಂದು ಬೇಲಿಯ ಬಾಗಿಲನ್ನು ತೆರೆದಿಡಬೇಡಿ.

ಬರೀ ಆವಿಯಾದದ್ದನ್ನು ತುಂಬಿಸುತ್ತಿದ್ದೇನೆ. ಆದರೂ ಟೈಲ್ಸ್ ಮೇಲೆ ಬಿಳಿ ಗೆರೆ ಏಕೆ?

ಆವಿಯಾಗುವುದು ನೀರು ಮಾತ್ರ. ಅದರಲ್ಲಿ ಕರಗಿದ್ದ ಸುಣ್ಣದ ಅಂಶ ಹಾಗೂ ಲವಣಗಳು ಕೊಳದಲ್ಲೇ ಉಳಿಯುತ್ತವೆ. ಲೀಟರಿಗೆ 250 ಮಿಲಿಗ್ರಾಂ ಗಡಸುತನದ ನೀರನ್ನು ತಿಂಗಳಿಗೆ 4,800 ಲೀಟರ್ ಸೇರಿಸುತ್ತ ಹೋದರೆ ಕೊಳದ ಗಡಸುತನ ಪ್ರತಿ ತಿಂಗಳೂ ಲೀಟರಿಗೆ 26-27 ಮಿಲಿಗ್ರಾಂ ಏರುತ್ತದೆ. ಲೀಟರಿಗೆ 200ರಿಂದ 400 ಮಿಲಿಗ್ರಾಂ ಇರಬೇಕಾದ ಗಡಸುತನ ಹೀಗೆ ಒಂದೇ ವರ್ಷದಲ್ಲಿ ಮಿತಿ ದಾಟುತ್ತದೆ. ಆಗ ನೀರಿನ ಅಂಚಿನಲ್ಲಿ, ಹೀಟರ್‌ನ ಕೊಳವೆಗಳಲ್ಲಿ, ಉಪ್ಪಿನಿಂದ ಕ್ಲೋರಿನ್ ತಯಾರಿಸುವ ಫಲಕಗಳ ಮೇಲೆ ಸುಣ್ಣ ಕಟ್ಟುತ್ತದೆ. ಮುಚ್ಚಿಗೆ ಹೊದಿಸುವುದು, ಸಿಕ್ಕಾಗ ಸ್ವಚ್ಛ ಮಳೆನೀರನ್ನು ತುಂಬುವುದು, ಆಗಾಗ ಸ್ವಲ್ಪ ಹಳೆಯ ನೀರು ತೆಗೆಯುವುದು ಇದಕ್ಕೆ ಪರಿಹಾರ. ಬಾವಿ, ಕೊಳವೆಬಾವಿಗಳ ನೀರಿನಲ್ಲಿ ಕಬ್ಬಿಣದ ಅಂಶವಿದ್ದರೆ ಕ್ಲೋರಿನ್ ತಗುಲಿದ ಕೂಡಲೇ ನೀರು ಕಂದು ಬಣ್ಣಕ್ಕೆ ತಿರುಗುತ್ತದೆ. ಹೊಸ ಮೂಲದ ನೀರಾದರೆ ಮೊದಲು ಒಂದು ಬಕೆಟ್‌ನಲ್ಲಿ ಚಿಟಿಕೆ ಕ್ಲೋರಿನ್ ಹಾಕಿ ನೋಡಿ.

ಹಾಟ್ ಟಬ್‌ನಲ್ಲಿ ನೀರು ಎಲ್ಲಿಯವರೆಗೆ ತುಂಬಬೇಕು?

ಯಾರೂ ಕೂತಿಲ್ಲದಾಗ ನೀರು ಫಿಲ್ಟರ್ ಇರುವ ಬಾಯಿಯ ನಡುಮಟ್ಟಕ್ಕಿರಬೇಕು, ಅತಿ ಎತ್ತರದ ಜೆಟ್‌ಗಳೂ ಮುಳುಗಿರಬೇಕು. ಬಹುತೇಕ ಟಬ್‌ಗಳಲ್ಲಿ ಕನಿಷ್ಠ ಮಟ್ಟದ ಗುರುತು ಇರುತ್ತದೆ. ಅಂಚಿನವರೆಗೆ ತುಂಬಿಸುವುದು ತಪ್ಪು. ಕುತ್ತಿಗೆಯವರೆಗೆ ಮುಳುಗಿ ಕೂತ ವಯಸ್ಕರೊಬ್ಬರು ಸುಮಾರು 65 ಲೀಟರ್ ನೀರನ್ನು ಸರಿಸುತ್ತಾರೆ ಎಂದುಕೊಂಡರೆ, ನಾಲ್ವರು ಸೇರಿ 260 ಲೀಟರ್ ಆಯಿತು. ಎರಡು ಮೀಟರ್ ಉದ್ದ, ಎರಡು ಮೀಟರ್ ಅಗಲದ ಟಬ್‌ನಲ್ಲಿ ಮಟ್ಟ ಆರೂವರೆ ಸೆಂಟಿಮೀಟರ್ ಏರುತ್ತದೆ. ಉಕ್ಕಿ ಹೋದ ನೀರು ಎಲ್ಲರೂ ಎದ್ದಮೇಲೆ ಮರಳಿ ಬರುವುದಿಲ್ಲವಾದ್ದರಿಂದ ಮಟ್ಟ ಕನಿಷ್ಠಕ್ಕಿಂತ ಕೆಳಗಿಳಿದು ಹೀಟರ್ ನಿಲ್ಲುತ್ತದೆ. ಸಾಮಾನ್ಯವಾಗಿ ಎಷ್ಟು ಜನ ಕೂರುತ್ತಾರೋ ಅಷ್ಟು ಜನ ಕೂತಾಗ ಅಂಚಿಗಿಂತ ಸ್ವಲ್ಪ ಕೆಳಗೆ ನೀರು ನಿಲ್ಲುವಂತೆ ಒಮ್ಮೆ ಹೊಂದಿಸಿ, ಖಾಲಿಯಿದ್ದಾಗ ಆ ಮಟ್ಟ ಎಲ್ಲಿಗೆ ಬರುತ್ತದೋ ಅಲ್ಲಿ ಗುರುತು ಮಾಡಿಟ್ಟುಕೊಳ್ಳಿ.

ಟಬ್‌ನ ನೀರು ಬೇಗ ಕಡಿಮೆಯಾಗುತ್ತದೆ. ಎಲ್ಲಿ ನೋಡಬೇಕು?

ಮೊದಲು ಮುಚ್ಚಳ ನೋಡಿ. ಅಂಚು ಸರಿಯಾಗಿ ಕೂರದೆ ಹಬೆ ಹೊರಬರುತ್ತಿದ್ದರೆ, ಅಥವಾ ಒಳಗಿನ ಫೋಮ್ ನೀರು ಹೀರಿ ಭಾರವಾಗಿದ್ದರೆ, ನೀರು ಅಲ್ಲಿಂದಲೇ ಹೋಗುತ್ತಿರುತ್ತದೆ. ಜೆಟ್‌ಗಳಿಗೆ ಗಾಳಿ ಬೆರೆಸುವ ಗುಂಡಿಗಳನ್ನು ಬಳಕೆಯ ನಂತರ ಮುಚ್ಚಿ. ಮುಚ್ಚಳ ಚೆನ್ನಾಗಿದ್ದೂ ವಾರಕ್ಕೆ ಎರಡು ಸೆಂಟಿಮೀಟರ್‌ಗಿಂತ ಹೆಚ್ಚು ಇಳಿದರೆ, ವಿದ್ಯುತ್ ಸಂಪರ್ಕ ಪೂರ್ತಿ ಕಡಿದು, ಪಕ್ಕದ ಹಲಗೆ ಬಿಚ್ಚಿ, ಪಂಪ್‌ನ ಸೀಲ್ ಹಾಗೂ ಹೀಟರ್‌ನ ಎರಡೂ ತುದಿಯ ತಿರುಪು ಜೋಡಣೆಗಳ ಅಡಿಯಲ್ಲಿ ಒಣ ಕಾಗದ ಹಿಡಿದು ನೋಡಿ. ಕೈಯಿಂದ ಬಿಗಿ ಮಾಡಿದರೆ ನಿಲ್ಲುವ ಸೋರಿಕೆಗಳೇ ಹೆಚ್ಚು.

ಟಬ್‌ನ ನೀರು ಬದಲಿಸಿದ ಮೇಲೆ ಪಂಪ್ ಓಡುತ್ತದೆ, ನೀರು ಬರುವುದಿಲ್ಲ. ಏಕೆ?

ಪೈಪ್‌ನಲ್ಲಿ ಗಾಳಿ ಸಿಕ್ಕಿಕೊಂಡಿದೆ. ಕೂಡಲೇ ಆರಿಸಿ. ಪಂಪ್‌ನ ಮೇಲ್ಭಾಗದ ತಿರುಪು ಜೋಡಣೆಯನ್ನು ಅರ್ಧ ಸುತ್ತು ಸಡಿಲಿಸಿದರೆ ಗಾಳಿ ಸುಯ್ಯೆಂದು ಹೊರಬರುತ್ತದೆ. ನೀರು ಜಿನುಗಲು ಶುರುವಾದಾಗ ಬಿಗಿ ಮಾಡಿ. ಮುಂದಿನ ಸಲ ಟಬ್‌ನ ನಡುವೆ ಪೈಪ್ ಹಾಕುವ ಬದಲು ಫಿಲ್ಟರ್ ತೆಗೆದ ಕುಳಿಯೊಳಗೇ ಪೈಪ್ ಇಟ್ಟು ತುಂಬಿಸಿ. ನೀರು ಕೊಳವೆಗಳ ಮೂಲಕ ಏರುವಾಗ ಗಾಳಿಯನ್ನು ತಳ್ಳಿಕೊಂಡೇ ಬರುತ್ತದೆ. ಖಾಲಿ ಮಾಡುವ ಮುನ್ನ ವಿದ್ಯುತ್ ಕಡಿಯುವುದನ್ನೂ, ಮಟ್ಟ ಸರಿಯಾಗುವವರೆಗೆ ಮತ್ತೆ ಕೊಡದಿರುವುದನ್ನೂ ತಪ್ಪಿಸಬೇಡಿ. ಖಾಲಿ ಟಬ್ಬನ್ನು ಬಿಸಿಲಿಗೆ ತೆರೆದಿಟ್ಟರೆ ಅಕ್ರಿಲಿಕ್ ಮೈ ಉಬ್ಬಬಹುದು. ನೀರು ಬದಲಿಸುವ ಅವಧಿ ಬಳಕೆಯನ್ನು ಅವಲಂಬಿಸಿದೆ, ಹೆಚ್ಚಿನವರಿಗೆ ಮೂರು-ನಾಲ್ಕು ತಿಂಗಳಿಗೊಮ್ಮೆ ಸರಿಹೋಗುತ್ತದೆ.

ಕೊಳಕ್ಕೆ ಹೊಂದಿಕೊಂಡೇ ಇರುವ ಎತ್ತರದ ಸ್ಪಾ (ಹಾಟ್ ಟಬ್) ರಾತ್ರಿ ಹೊತ್ತು ಖಾಲಿಯಾಗುತ್ತದೆ, ಕೊಳದ ಮಟ್ಟ ಮಾತ್ರ ಏರಿರುತ್ತದೆ. ಇದು ಸೋರಿಕೆಯೇ?

ಅಲ್ಲ. ಪಂಪ್ ನಿಂತಾಗ ಸ್ಪಾದ ನೀರು ಹಿಂದಕ್ಕೆ ಹರಿಯದಂತೆ ತಡೆಯುವ ಒಮ್ಮುಖ ವಾಲ್ವ್ ಕೆಟ್ಟಿದೆ, ಅಥವಾ ಅದರೊಳಗೆ ಒಂದು ಕಡ್ಡಿಯೋ ಕಲ್ಲೋ ಸಿಕ್ಕಿ ಪೂರ್ತಿ ಮುಚ್ಚಿಕೊಳ್ಳುತ್ತಿಲ್ಲ. ಬಿಚ್ಚಿ ತೊಳೆದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ನೀರು ಹೆಪ್ಪುಗಟ್ಟುವಷ್ಟು ಚಳಿ ಇರುವಲ್ಲಿ ಮಟ್ಟವನ್ನು ಇಳಿಸಬೇಕೇ?

ನೀರು ಮಂಜುಗಡ್ಡೆಯಾಗುವಾಗ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ. ಸ್ಕಿಮ್ಮರ್ ಹಾಗೂ ಪೈಪ್‌ಗಳಲ್ಲಿ ನಿಂತ ನೀರು ಹಾಗೆ ಹಿಗ್ಗಿದರೆ ಅವು ಸೀಳುತ್ತವೆ. ಆದ್ದರಿಂದ ಕೊಳ ಮುಚ್ಚುವ ಕಾಲಕ್ಕೆ ಮಟ್ಟವನ್ನು ಸ್ಕಿಮ್ಮರ್‌ಗಿಂತ ಕೆಳಗಿಳಿಸಿ, ಪೈಪ್‌ಗಳೊಳಗಿನ ನೀರನ್ನು ಗಾಳಿ ಊದಿ ಹೊರಹಾಕಿ, ಬಾಯಿಗಳಿಗೆ ಬಿರಡೆ ಹಾಕುತ್ತಾರೆ. ಎಷ್ಟು ಇಳಿಸಬೇಕು ಎಂಬುದು ಮೇಲೆ ಹೊದಿಸುವ ಮುಚ್ಚಿಗೆಯ ಬಗೆಯನ್ನೂ ಅವಲಂಬಿಸುತ್ತದೆ. ಕೆಲವು ಮುಚ್ಚಿಗೆಗಳಿಗೆ ಅಡಿಯಿಂದ ನೀರಿನ ಆಸರೆ ಬೇಕು.

ತಂತ್ರಜ್ಞರನ್ನು ಕರೆಸುವ ಮೊದಲು ಏನನ್ನು ಬರೆದಿಟ್ಟುಕೊಳ್ಳಬೇಕು?

ಪಂಪ್ ಓಡಿದ ದಿನದ ಮತ್ತು ನಿಂತ ದಿನದ ಬಕೆಟ್ ಪರೀಕ್ಷೆಯ ಅಂಕಿಗಳು, ನೀರು ಎಲ್ಲಿ ಬಂದು ನಿಂತಿತು ಎಂಬುದು, ಗುಳ್ಳೆಗಳು ಕಂಡವೇ ಇಲ್ಲವೇ, ಕೊನೆಯ ಸಲ ಬ್ಯಾಕ್‌ವಾಶ್ ಮಾಡಿದ ದಿನ, ಕೊಳದ ಸುತ್ತ ಮಳೆಯಿಲ್ಲದೆಯೂ ಒದ್ದೆಯಾಗಿರುವ ಅಥವಾ ಹುಲ್ಲು ಹೆಚ್ಚು ಹಸಿರಾಗಿರುವ ಜಾಗ. ವಾರಕ್ಕೊಮ್ಮೆ ಒಂದೇ ಹೊತ್ತಿನಲ್ಲಿ ಟೈಲ್ಸ್‌ನ ಮೇಲಂಚಿನಿಂದ ನೀರಿನವರೆಗಿನ ಅಂತರವನ್ನು ಸ್ಕೇಲ್‌ನಿಂದ ಅಳೆದು ಬರೆದ ಪಟ್ಟಿ ಇದ್ದರೆ ಇನ್ನೂ ಒಳ್ಳೆಯದು, ಏಕೆಂದರೆ ಇಳಿಕೆ ಯಾವ ವಾರದಿಂದ ಹೆಚ್ಚಾಯಿತು ಎಂಬುದು ಅದರಲ್ಲಿ ಸಿಗುತ್ತದೆ. ಆ ವಾರದಲ್ಲಿ ಪಕ್ಕದಲ್ಲಿ ಮಣ್ಣು ಅಗೆದಿದ್ದರೆ, ದೀಪ ಬದಲಿಸಿದ್ದರೆ ಅಥವಾ ಪಂಪ್ ರಿಪೇರಿಯಾಗಿದ್ದರೆ ಅದನ್ನೂ ಅವರಿಗೆ ತಿಳಿಸಿ.